ಐಸ್ ಬೀಳದ ಫ್ರಿಜ್: ಬಿಡಿಭಾಗ ಬದಲಿಸುವ ಮುನ್ನ

ಫ್ರಿಜ್ಜಿನ ಫ್ರೀಜರ್ ಒಳಗೆ ಕೂತು ತಾನೇ ನೀರು ತುಂಬಿಕೊಳ್ಳುವ, ಗಟ್ಟಿಯಾದ ಮೇಲೆ ತಾನೇ ತುಂಡುಗಳನ್ನು ಡಬ್ಬಿಗೆ ಉದುರಿಸುವ ಐಸ್ ಮೇಕರ್ ನೋಡಲು ಒಂದೇ ಯಂತ್ರ. ಒಳಗೆ ಮಾತ್ರ ಅದು ಐದಾರು ಸಣ್ಣ ಭಾಗಗಳ ಕೂಡುಕುಟುಂಬ. ನೀರು ಬಿಡುವ ವಾಲ್ವ್, ನೀರು ನಿಲ್ಲುವ ಅಚ್ಚು, ಅಚ್ಚು ಎಷ್ಟು ತಣ್ಣಗಾಗಿದೆ ಎಂದು ನೋಡುವ ಥರ್ಮೋಸ್ಟ್ಯಾಟ್, ಗಡ್ಡೆಯನ್ನು ಅಚ್ಚಿನಿಂದ ಬಿಡಿಸುವ ಹೀಟರ್, ಅದನ್ನು ಹೊರಗೆ ತಳ್ಳುವ ಮೋಟರ್, ಡಬ್ಬಿ ತುಂಬಿತು ಎಂದು ಹೇಳುವ ಕಡ್ಡಿ. ಇವುಗಳಲ್ಲಿ ಯಾವುದು ಕೈಕೊಟ್ಟರೂ ಮನೆಯವರಿಗೆ ಕಾಣುವುದು ಒಂದೇ ಲಕ್ಷಣ: ಡಬ್ಬಿ ಖಾಲಿ. ಆದ್ದರಿಂದಲೇ ರಿಪೇರಿ ಎಂದರೆ ಇಡೀ ಐಸ್ ಮೇಕರನ್ನೇ ಬಿಚ್ಚಿ ಹೊಸದು ಹಾಕುವುದು ಎಂಬ ರೂಢಿ ಬೆಳೆದಿದೆ. ಹಾಗೆ ಹೊಸದು ಹಾಕಿದ ಮೇಲೂ ಐಸ್ ಬೀಳದೆ ಉಳಿದ ಮನೆಗಳಿವೆ. ಅಂಥ ಕಡೆ ತೊಂದರೆ ಇದ್ದದ್ದು ಐಸ್ ಮೇಕರಿನಲ್ಲಲ್ಲ, ಅದಕ್ಕೆ ಬರಬೇಕಾದ ನೀರಿನಲ್ಲಿ ಅಥವಾ ಚಳಿಯಲ್ಲಿ. ಮೊದಲು ಚಳಿ, ಆಮೇಲೆ ನೀರು, ಕೊನೆಗೆ ಕರೆಂಟು. ಪರೀಕ್ಷೆ ಈ ಕ್ರಮದಲ್ಲಿ ನಡೆದರೆ ದುಡ್ಡೂ ಉಳಿಯುತ್ತದೆ, ಸರಿಯಿರುವ ಭಾಗ ಕಸಕ್ಕೆ ಹೋಗುವುದೂ ತಪ್ಪುತ್ತದೆ.

ಮನೆಬಳಕೆಯ ಫ್ರಿಜ್ಜಿನಲ್ಲಿ ತಾನಾಗಿ ಐಸ್ ಮಾಡುವ ಏರ್ಪಾಡು ಮೊದಲು ಬಂದದ್ದು ಅಮೆರಿಕದಲ್ಲಿ, 1953ರಲ್ಲಿ, ಇಂಡಿಯಾನಾ ರಾಜ್ಯದ ಎವಾನ್ಸ್‌ವಿಲ್‌ನ ಸರ್ವೆಲ್ ಕಂಪನಿಯಿಂದ. ಅಲ್ಲಿ ಅದು ಇಂದು ಮಾಮೂಲಿ ವಸ್ತು. ನಮ್ಮಲ್ಲಿ ಎರಡು ಬಾಗಿಲಿನ ದೊಡ್ಡ ಸೈಡ್ ಬೈ ಸೈಡ್ ಫ್ರಿಜ್ಜುಗಳ ಜೊತೆಗೆ ಅದು ಮನೆಗಳಿಗೆ ಬಂತು. ಚಾಲ್ತಿಯಲ್ಲಿರುವುದು ಮುಖ್ಯವಾಗಿ ಎರಡು ಬಗೆ. ಒಂದು ಅಮೆರಿಕನ್ ಪದ್ಧತಿಯದು: ಅಲ್ಯುಮಿನಿಯಂ ಅಚ್ಚು, ಅದರ ಅಡಿಗೆ ಹೀಟರ್. ಇನ್ನೊಂದರಲ್ಲಿ ಪ್ಲಾಸ್ಟಿಕ್ ಟ್ರೇ ಇರುತ್ತದೆ. ಮೋಟರ್ ಅದನ್ನು ಮಗುಚಿ, ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿ ಐಸ್ ಉದುರಿಸುತ್ತದೆ, ಹೀಟರಿನ ಗೊಡವೆ ಇಲ್ಲ.

ಮೊದಲ ಬಗೆಯ ಕೆಲಸವನ್ನು ಅರಿತರೆ ಎರಡನೆಯದು ಸುಲಭ. ಅಚ್ಚಿಗೆ ಒಂದು ಸಲಕ್ಕೆ ಸುಮಾರು 140 ಮಿ.ಲೀ. ನೀರು ಬೀಳುತ್ತದೆ, ವಾಲ್ವ್ ತೆರೆದಿರುವುದು ಏಳೂವರೆ ಸೆಕೆಂಡು ಮಾತ್ರ. ಇಷ್ಟು ನೀರು 25 ಡಿಗ್ರಿಯಿಂದ ಸೊನ್ನೆಗೆ ಇಳಿಯಲು ಸುಮಾರು 15 ಕಿಲೋಜೂಲ್ ಶಾಖ ಬಿಡಬೇಕು. ಸೊನ್ನೆ ಡಿಗ್ರಿಯಲ್ಲೇ ನಿಂತು ನೀರು ಗಡ್ಡೆಯಾಗಲು ಬಿಡಬೇಕಾದ ಶಾಖ 47 ಕಿಲೋಜೂಲ್, ಅಂದರೆ ಅದರ ಮೂರು ಪಟ್ಟು. ನೀರು ಬೇಗ ತಣ್ಣಗಾಗಿ, ಗಟ್ಟಿಯಾಗಲು ಮಾತ್ರ ಗಂಟೆಗಟ್ಟಲೆ ಹಿಡಿಯುವುದು ಇದರಿಂದಲೇ. ಅಚ್ಚಿನ ತಾಪ ಮೈನಸ್ 8 ಡಿಗ್ರಿಯ ಆಸುಪಾಸಿಗೆ ಇಳಿದಾಗ ಥರ್ಮೋಸ್ಟ್ಯಾಟ್ ಒಳಗಿನ ಎರಡು ಲೋಹದ ಬಿಲ್ಲೆ ಬಾಗಿ ಸಂಪರ್ಕ ಕೂಡಿಸುತ್ತದೆ. ಹೀಟರ್ ಕಾಯುತ್ತದೆ, ಮೋಟರ್ ತಿರುಗತೊಡಗುತ್ತದೆ. ಗಡ್ಡೆ ಇನ್ನೂ ಕಚ್ಚಿಕೊಂಡಿದ್ದರೆ ಮೋಟರಿನ ಬೆರಳುಗಳು ಅದಕ್ಕೆ ಒತ್ತಿಕೊಂಡು ಹಾಗೇ ನಿಲ್ಲುತ್ತವೆ. ಅಚ್ಚಿಗೆ ತಾಗಿದ ಪದರ ಕರಗಿದ ಕೂಡಲೇ ತುಂಡುಗಳು ಜಾರಿ ಡಬ್ಬಿಗೆ ಬೀಳುತ್ತವೆ. ಸುತ್ತಿನ ಕೊನೆಗೆ ವಾಲ್ವ್ ಮತ್ತೆ ತೆರೆಯುತ್ತದೆ. ಪಕ್ಕದ ತಂತಿಯ ಕಡ್ಡಿ ಪ್ರತಿ ಸುತ್ತಿಗೂ ಒಮ್ಮೆ ಮೇಲೆದ್ದು ಇಳಿಯುತ್ತದೆ. ಡಬ್ಬಿ ತುಂಬಿ ಕಡ್ಡಿ ಕೆಳಗೆ ಬರಲಾಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಐಸ್ ಬರುತ್ತಿಲ್ಲ ಎಂಬ ದೂರಿಗೆ ಎಷ್ಟೋ ಸಲ ಕಾರಣ ಈ ಕಡ್ಡಿಯೇ: ಯಾರೋ ಬಟಾಣಿ ಪ್ಯಾಕೆಟ್ ತುರುಕುವಾಗ ಕೈ ತಾಗಿ ಅದು ಮೇಲಕ್ಕೆ ಸಿಕ್ಕಿಕೊಂಡಿರುತ್ತದೆ. ಕೆಳಗೆ ಒತ್ತಿದರೆ ಮುಗಿಯಿತು.

ಚಳಿಯ ಪರೀಕ್ಷೆಗೆ ಬೇಕಾದ್ದು ಒಂದು ಥರ್ಮಾಮೀಟರ್. ಅದನ್ನು ಗಾಳಿಯಲ್ಲಿ ನೇತುಹಾಕಿದರೆ ಬಾಗಿಲು ತೆರೆದ ಕ್ಷಣವೇ ಲೆಕ್ಕ ತಪ್ಪುತ್ತದೆ. ಹೆಪ್ಪುಗಟ್ಟಿದ ಎರಡು ಪ್ಯಾಕೆಟ್‌ಗಳ ನಡುವೆ ಇಟ್ಟು ರಾತ್ರಿ ಕಳೆದ ಮೇಲೆ ನೋಡಬೇಕು. ಮೈನಸ್ 18 ಇದ್ದರೆ ಸರಿ. ಮೈನಸ್ 10ರ ಹತ್ತಿರ ತೂಗುತ್ತಿದ್ದರೆ ನೀರು ಗಟ್ಟಿಯಾದರೂ ಅಚ್ಚು ಥರ್ಮೋಸ್ಟ್ಯಾಟಿನ ಗೆರೆ ಮುಟ್ಟಲು ಬಹಳ ಹೊತ್ತು ಹಿಡಿಯುತ್ತದೆ, ದಿನಕ್ಕೆ ಒಂದೆರಡು ಸಲ ಮಾತ್ರ ಐಸ್ ಬೀಳುತ್ತದೆ. ಆಗ ಕೈ ಹಾಕಬೇಕಾದ್ದು ಐಸ್ ಮೇಕರಿಗಲ್ಲ. ಬಾಗಿಲಿನ ರಬ್ಬರ್ ಗ್ಯಾಸ್ಕೆಟ್, ಹಿಂದಿನ ಕಾಯಿಲ್ ಮೇಲಿನ ಧೂಳು, ಒಳಗಿನ ಫ್ಯಾನ್, ಡಿಫ್ರಾಸ್ಟ್ ಹೀಟರ್ ಇವುಗಳ ಸರದಿ ಮೊದಲು. ಗ್ಯಾಸ್ಕೆಟ್ಟಿಗೆ ಒಂದು ಕಾಗದದ ಚೂರು ಸಾಕು: ಬಾಗಿಲಿಗೆ ಸಿಕ್ಕಿಸಿ ಎಳೆದಾಗ ಸಲೀಸಾಗಿ ಬಂದರೆ ಆ ಜಾಗದಲ್ಲಿ ಚಳಿ ಸೋರುತ್ತಿದೆ.

ನೀರಿನ ವಿಷಯ ಇಷ್ಟು ಚುಟುಕಾಗಿ ಮುಗಿಯುವುದಿಲ್ಲ, ನಮ್ಮ ಊರುಗಳಲ್ಲಂತೂ ಖಂಡಿತ ಇಲ್ಲ. ಪೈಪ್ ಜೋಡಿಸುವ ಐಸ್ ಮೇಕರಿನ ವಾಲ್ವ್ ಮಾದರಿಗೆ ತಕ್ಕಂತೆ ಕನಿಷ್ಠ 20ರಿಂದ 40 ಪಿಎಸ್‌ಐ ಒತ್ತಡ ಕೇಳುತ್ತದೆ. ಊರ ನೀರು ಒತ್ತಡದಲ್ಲೇ ನೇರ ನಲ್ಲಿಗೆ ಬರುವ ದೇಶದ ಲೆಕ್ಕ ಅದು. ಕರ್ನಾಟಕದ ಮನೆಗಳಲ್ಲಿ ನೀರು ಸಂಪಿಗೆ ಬಂದು, ಅಲ್ಲಿಂದ ಮೋಟರ್ ಹಾಕಿ ತಾರಸಿಯ ಟ್ಯಾಂಕಿಗೆ ಏರಿ, ಅಲ್ಲಿಂದ ತನ್ನ ಭಾರಕ್ಕೆ ಇಳಿಯುತ್ತದೆ. ಹತ್ತು ಮೀಟರ್ ಎತ್ತರಕ್ಕೆ ಸಿಗುವ ಒತ್ತಡ ಸುಮಾರು 14 ಪಿಎಸ್‌ಐ. ಎರಡಂತಸ್ತಿನ ಮನೆಯ ತಾರಸಿ ಟ್ಯಾಂಕು ನೆಲಮಹಡಿಯ ಅಡುಗೆಮನೆಗಿಂತ ಏಳು ಮೀಟರ್ ಮೇಲಿದ್ದರೆ ಫ್ರಿಜ್ಜಿಗೆ ತಲುಪುವುದು ಹೆಚ್ಚೆಂದರೆ 10 ಪಿಎಸ್‌ಐ. ಅದೇ ಫ್ರಿಜ್ಜು ಎತ್ತರದ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಸುಸೂತ್ರವಾಗಿ ನಡೆದು, ಟ್ಯಾಂಕಿನ ಅಡಿಯಲ್ಲೇ ಇರುವ ಮೇಲಿನ ಮಹಡಿಯಲ್ಲಿ ಮುಷ್ಕರ ಹೂಡುವುದು ಈ ಲೆಕ್ಕದಿಂದಲೇ. ಆ ಮನೆಯಲ್ಲಿ ಎಷ್ಟು ಐಸ್ ಮೇಕರ್ ಬದಲಿಸಿದರೂ ಫಲವಿಲ್ಲ. ಬೇಕಾದ್ದು ಒಂದು ಸಣ್ಣ ಬೂಸ್ಟರ್ ಪಂಪು. ಗೋಡೆಗೆ ಹಾಕಿದ ಆರ್‌ಒ ಯಂತ್ರದ ನಲ್ಲಿಯಿಂದ ಪೈಪ್ ಎಳೆದುಕೊಂಡವರದೂ ಇದೇ ಪಾಡು. ಅದರ ತೊಟ್ಟಿಯ ನೀರಿಗೆ ಒತ್ತಡ ಎಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಒತ್ತಡ ಕಡಿಮೆಯಾದರೆ ನೀರು ಕಡಿಮೆ ಬರುತ್ತದೆ ಎಂಬುದು ಎಲ್ಲರಿಗೂ ಹೊಳೆಯುತ್ತದೆ. ನೀರು ಸೋರಲೂ ಅದೇ ಕಾರಣವಾಗಬಹುದು ಎಂಬುದು ಅಷ್ಟು ಸುಲಭಕ್ಕೆ ಹೊಳೆಯುವುದಿಲ್ಲ. ಈ ವಾಲ್ವಿನೊಳಗಿನ ರಬ್ಬರ್ ಪೊರೆಯನ್ನು ಬಿಗಿಯಾಗಿ ಮುಚ್ಚಿ ಹಿಡಿಯುವುದು ನೀರಿನ ಒತ್ತಡವೇ. ಅದು ಸಾಲದೆ ಹೋದರೆ ಪೊರೆ ಪೂರ್ತಿ ಕೂರುವುದಿಲ್ಲ, ಹನಿ ಹನಿ ಜಿನುಗುತ್ತದೆ. ಜಿನುಗಿದ ಹನಿ ಫ್ರೀಜರಿನೊಳಗಿನ ಕೊಳವೆಯ ಬಾಯಲ್ಲೇ ಹೆಪ್ಪುಗಟ್ಟಿ ಮುಂದಿನ ಸಲದ ನೀರಿಗೆ ದಾರಿ ಕಟ್ಟುತ್ತದೆ. ಕೊಳವೆಯ ಬಾಯಿಗೆ ಟಾರ್ಚ್ ಬಿಟ್ಟರೆ ಒಳಗೆ ಬಿಳಿ ಬಿರಡೆ ಕೂತಂತೆ ಕಾಣುತ್ತದೆ. ಚಾಕು, ಸ್ಕ್ರೂಡ್ರೈವರಿನಿಂದ ಕೆದಕಿದರೆ ಪ್ಲಾಸ್ಟಿಕ್ ಸೀಳುತ್ತದೆ. ಸೂಜಿ ತೆಗೆದ ದೊಡ್ಡ ಸಿರಿಂಜಿನಲ್ಲಿ ಉಗುರುಬೆಚ್ಚಗಿನ ನೀರು ಎಳೆದು ಸ್ವಲ್ಪ ಸ್ವಲ್ಪವೇ ಬಿಡುತ್ತ, ಕೆಳಗೆ ಬಟ್ಟೆ ಹಿಡಿದರೆ ಹತ್ತು ನಿಮಿಷದಲ್ಲಿ ಬಿರಡೆ ಜಾರಿ ಬರುತ್ತದೆ. ಎರಡು ದಿನದಲ್ಲಿ ಮತ್ತೆ ಕಟ್ಟಿಕೊಂಡರೆ ತಪ್ಪು ಕೊಳವೆಯದಲ್ಲ. ವಾಲ್ವ್ ಸೋರುತ್ತಿದೆ ಅಥವಾ ಒತ್ತಡ ಸಾಲುತ್ತಿಲ್ಲ.

ನೀರಿನ ಗುಣವೂ ಅಷ್ಟೇ ಮುಖ್ಯ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಸೈರಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಬಿಸಿನೀರಿನ ಗೀಸರಿಗೆ ಕಟ್ಟುವ ಅದೇ ಬಿಳಿ ಸುಣ್ಣದ ಪದರ ಐಸ್ ಮೇಕರಿನ ವಾಲ್ವಿಗೂ ಕಟ್ಟುತ್ತದೆ. ಮುಖ್ಯ ನಲ್ಲಿ ಮುಚ್ಚಿ, ಫ್ರಿಜ್ಜಿನ ಬೆನ್ನಿಗಿರುವ ವಾಲ್ವಿನಿಂದ ಪೈಪ್ ಬಿಡಿಸಿ ನೋಡಿದರೆ, ನೀರು ಒಳಹೋಗುವ ಬಾಯಿಯಲ್ಲಿ ಬೆರಳಗಲದ ಜಾಲರಿ ಕಾಣುತ್ತದೆ. ಗಡಸು ನೀರಿನ ಮನೆಯಲ್ಲಿ ಎರಡು ವರ್ಷ ಕಳೆದ ಜಾಲರಿ ಜಾಲರಿಯಾಗಿ ಕಾಣುವುದೇ ಇಲ್ಲ. ಒಣಗಿದ ಹಿಟ್ಟು ಮೆತ್ತಿದ ಹಾಗೆ ಕಣ್ಣುಗಳೆಲ್ಲ ಮುಚ್ಚಿಹೋಗಿ, ಅಂಚಿಗೆ ತುಸು ಕೆಂಪು ತುಕ್ಕು ಹಿಡಿದಿರುತ್ತದೆ. ಚಿಮಟದಿಂದ ಮೆಲ್ಲಗೆ ಎಳೆದು ನಿಂಬೆರಸದಲ್ಲೋ ಅಡುಗೆಯ ವಿನಿಗರಿನಲ್ಲೋ ಹಾಕಿದರೆ ಸಣ್ಣ ಗುಳ್ಳೆಗಳೇಳುತ್ತವೆ. ಸುಣ್ಣ ಕರಗುತ್ತಿರುವ ಗುರುತು ಅದು. ಅರ್ಧ ಗಂಟೆಯ ಮೇಲೆ ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿದರೆ ಜಾಲರಿ ಬೆಳಕು ಬಿಡುತ್ತದೆ. ಐಸಿನ ನಡುವೆ ಕಾಣುವ ಬಿಳುಪಿಗೂ ಇದಕ್ಕೂ ಗಂಟು ಹಾಕಬಾರದು. ನೀರು ಹೊರಗಿನಿಂದ ಒಳಕ್ಕೆ ಗಟ್ಟಿಯಾಗುವಾಗ ಕರಗಿದ ಗಾಳಿ ನಡುವಿಗೆ ತಳ್ಳಲ್ಪಟ್ಟು ಸಿಕ್ಕಿಕೊಳ್ಳುವುದರಿಂದ ಬರುವ ಬಿಳುಪು ಅದು, ಕೊಳೆಯಲ್ಲ. ಲೋಟದಲ್ಲಿ ಐಸ್ ಕರಗಿದ ಮೇಲೂ ತಳದಲ್ಲಿ ಬಿಳಿ ಚೂರುಗಳು ಉಳಿದರೆ ಅದು ಸುಣ್ಣ.

ವಾಲ್ವಿಗೆ ಬರುವ ಪೈಪನ್ನು ಬಕೆಟ್ಟಿಗೆ ಹಿಡಿದು ನಲ್ಲಿ ಬಿಟ್ಟರೆ ಧಾರೆ ಬಲವಾಗಿ ಬೀಳಬೇಕು. ಬಂದರೆ ವಾಲ್ವಿನವರೆಗೆ ದಾರಿ ಸರಿಯಿದೆ. ಬರದಿದ್ದರೆ ಪೈಪ್ ಫ್ರಿಜ್ಜಿನ ಹಿಂದೆ ಮಡಚಿಕೊಂಡಿದೆಯೋ, ಫಿಲ್ಟರ್ ಕಟ್ಟಿದೆಯೋ ನೋಡಬೇಕು. ಫಿಲ್ಟರ್ ತೆಗೆದು ಅದರ ಜಾಗಕ್ಕೆ ಬೈಪಾಸ್ ಮುಚ್ಚಳ ಹಾಕಿದಾಗ ಐಸ್ ಬಂದರೆ ಹೊಸ ಫಿಲ್ಟರಿನ ಖರ್ಚಿಗೆ ಎಲ್ಲ ಮುಗಿಯುತ್ತದೆ. ಪೈಪ್ ಇಲ್ಲದೆ ಒಳಗಿನ ತೊಟ್ಟಿಗೆ ಕೈಯಲ್ಲೇ ನೀರು ತುಂಬುವ ಮಾದರಿಗಳೂ ಇವೆ. ಅವುಗಳಲ್ಲಿ ತೊಟ್ಟಿ ಪೂರ್ತಿ ಒಳಗೆ ಕೂತಿದೆಯೇ, ಪುಟ್ಟ ಪಂಪು ಗುಂಯ್‌ಗುಡುತ್ತಿದೆಯೇ ಎಂದು ಗಮನಿಸಿದರೆ ಸಾಕು.

ಮಲ್ಟಿಮೀಟರಿನ ಸರದಿ

ಚಳಿಯೂ ನೀರೂ ಸರಿಯಿವೆ ಎಂದಾದ ಮೇಲೆ ಕರೆಂಟಿನ ಪರೀಕ್ಷೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಜಾಗದಲ್ಲಿ ಇಡಬೇಕು. ಇನ್ವರ್ಟರ್ ಫ್ರಿಜ್ಜಾದರೆ ಹಿಂದಿನ ಬೋರ್ಡಿನ ಹತ್ತಿರ ಹೋಗುವ ಮೊದಲು ಕೆಲವು ನಿಮಿಷ ಕಾಯಬೇಕು, ಕೆಪಾಸಿಟರುಗಳಲ್ಲಿ ಕರೆಂಟು ಉಳಿದಿರುತ್ತದೆ. ಸಾಧಾರಣ ಮಲ್ಟಿಮೀಟರ್ ಸಾಕು, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಪರೀಕ್ಷೆಯ ಮೊದಲು ಅದರ ಎರಡೂ ಕಡ್ಡಿ ಕೂಡಿಸಿ ಸೊನ್ನೆ ತೋರಿಸುತ್ತದೆಯೇ ನೋಡಬೇಕು. ಮೀಟರಿನ ಬ್ಯಾಟರಿಯೇ ಸೋತಿದ್ದರೆ ಒಳ್ಳೆಯ ಭಾಗವೂ ಕೆಟ್ಟದ್ದಾಗಿ ಕಾಣುತ್ತದೆ.

ಅಮೆರಿಕನ್ ಪದ್ಧತಿಯ ಹೆಸರಾಂತ ಮಾದರಿಯೊಂದರಲ್ಲಿ ಮುಂದಿನ ಬಿಳಿ ಮುಚ್ಚಳ ಕಿತ್ತರೆ ಸಣ್ಣ ತೂತುಗಳೂ ಪಕ್ಕದಲ್ಲಿ ಎನ್, ಎಂ, ಎಚ್, ಟಿ, ಎಲ್, ವಿ ಎಂಬ ಅಕ್ಷರಗಳೂ ಕಾಣುತ್ತವೆ. ನ್ಯೂಟ್ರಲ್, ಮೋಟರ್, ಹೀಟರ್, ಥರ್ಮೋಸ್ಟ್ಯಾಟ್, ಲೈನ್, ವಾಲ್ವ್ ಎಂದು ಅವುಗಳ ಅರ್ಥ. ಯಂತ್ರವನ್ನು ಬಿಚ್ಚದೆಯೇ ಪರೀಕ್ಷಿಸಲು ತಯಾರಕರು ಬಿಟ್ಟಿರುವ ಕಿಟಕಿಗಳಿವು. ಇಂಥ ಉಪಕಾರ ಮನೆಬಳಕೆಯ ಬೇರೆ ಯಂತ್ರಗಳಲ್ಲಿ ಅಪರೂಪ. ಮೀಟರಿನ ಮೊನೆ ತೂತಿನೊಳಗೆ ಒಂದು ಸೆಂಟಿಮೀಟರಿಗೂ ಹೆಚ್ಚು ಇಳಿಯಬೇಕು; ಮೇಲುಮೇಲೆ ತಾಗಿಸಿ ಸಂಪರ್ಕ ಇಲ್ಲ ಎಂದು ತೀರ್ಮಾನಿಸಿ ಮೋಸಹೋಗುವವರು ಬಹಳ. ಎಲ್ ಮತ್ತು ಎಚ್ ನಡುವೆ ಹೀಟರಿನ ರೋಧ ಸುಮಾರು 72 ಓಮ್ ಸಿಗಬೇಕು. ಮೀಟರ್ ಅನಂತ ತೋರಿಸಿದರೆ ಹೀಟರಿನ ತಂತಿ ಕಡಿದಿದೆ. ಎಲ್ ಮತ್ತು ಎಂ ನಡುವೆ ಮೋಟರಿನ ಸುರುಳಿ ಸುಮಾರು 4,400 ಓಮ್ ಅಥವಾ ಅದಕ್ಕೂ ಹೆಚ್ಚು ತೋರಿಸುತ್ತದೆ. ನೀರಿನ ವಾಲ್ವಿನ ಕಾಯಿಲನ್ನು ಅದರ ಎರಡು ಪಿನ್ನುಗಳಲ್ಲೇ ಅಳೆಯಬೇಕು: 120 ವೋಲ್ಟಿನ ವಾಲ್ವಾದರೆ ಇನ್ನೂರರಿಂದ ಐನೂರು ಓಮ್. ಕಾಯಿಲ್ ಸರಿಯಿದ್ದೂ ವಾಲ್ವ್ ತೆರೆಯದಿದ್ದರೆ ಒಳಗಿನ ಮುಳ್ಳು ಸುಣ್ಣಕ್ಕೆ ಅಂಟಿಕೊಂಡಿರಬಹುದು.

ಥರ್ಮೋಸ್ಟ್ಯಾಟ್ ಅಳೆಯುವುದು ತುಸು ಬೇರೆ. ಅಚ್ಚು ಚೆನ್ನಾಗಿ ತಣ್ಣಗಿರುವಾಗ, ಕಡ್ಡಿ ಕೆಳಗಿರುವಾಗ, ಇನ್ಸುಲೇಷನ್ ಇರುವ ತುಂಡು ತಂತಿಯಿಂದ ಟಿ ಮತ್ತು ಎಚ್ ತೂತುಗಳನ್ನು ಕೆಲವು ಸೆಕೆಂಡು ಕೂಡಿಸಿದರೆ ಥರ್ಮೋಸ್ಟ್ಯಾಟನ್ನು ದಾಟಿ ಮೋಟರಿಗೆ ಅಪ್ಪಣೆ ಹೋಗುತ್ತದೆ. ಬೆರಳುಗಳು ತಿರುಗತೊಡಗಿದರೆ ಮೋಟರ್ ಸರಿ, ಹೀಟರ್ ಕಾದರೆ ಅದೂ ಸರಿ; ಹಾಗಾದರೆ ತಪ್ಪು ಥರ್ಮೋಸ್ಟ್ಯಾಟಿನದು. ಬೆರಳುಗಳು ಅಲುಗದಿದ್ದರೆ ಮುಂದಿನ ಮೋಟರ್ ಮಾಡ್ಯೂಲ್ ಬದಲಿಸಬೇಕು. ಈ ಪರೀಕ್ಷೆ ಪ್ಲಗ್ ಹಾಕಿಯೇ ನಡೆಯಬೇಕಾದ್ದರಿಂದ ಅನುಭವವಿಲ್ಲದವರು ಇದನ್ನು ಮೆಕ್ಯಾನಿಕ್ಕಿಗೆ ಬಿಡುವುದು ಕ್ಷೇಮ. ಒದ್ದೆ ಕೈ, ಬರಿಗಾಲು ಎರಡೂ ಸಲ್ಲದು. ಮೋಟರ್ ಹೊರಟ ಕೂಡಲೇ ತಂತಿ ತೆಗೆಯಬೇಕು, ಮರೆತರೆ ಹೀಟರ್ ಕಾಯುತ್ತಲೇ ಇರುತ್ತದೆ.

ಮೇಲಿನ ಓಮ್ ಲೆಕ್ಕಗಳೆಲ್ಲ 120 ವೋಲ್ಟಿನ ಯಂತ್ರದವು. ನಮ್ಮ 230 ವೋಲ್ಟಿನಲ್ಲಿ ಅವೇ ಅಂಕಿ ಹುಡುಕಿದರೆ ತಪ್ಪಾಗುತ್ತದೆ. ವೋಲ್ಟಿನ ವರ್ಗವನ್ನು ವ್ಯಾಟಿನಿಂದ ಭಾಗಿಸಿದರೆ ಇರಬೇಕಾದ ಓಮ್ ಸಿಗುತ್ತದೆ: 185 ವ್ಯಾಟಿನ ಹೀಟರಿಗೆ 230 ವೋಲ್ಟಿನಲ್ಲಿ ಸುಮಾರು 286. ಅಮೆರಿಕದಲ್ಲಿ ವರ್ಷಗಟ್ಟಲೆ ಇದ್ದು ಮರಳುವಾಗ ಫ್ರಿಜ್ಜನ್ನೂ ಹಡಗಿಗೆ ಹಾಕಿ ತರುವ ಕನ್ನಡಿಗರಿಗೆ, ಅಲ್ಲಿಂದ ನೆಂಟರ ಸೂಟ್‌ಕೇಸಿನಲ್ಲಿ ಬಿಡಿಭಾಗ ತರಿಸುವವರಿಗೆ ಈ ಲೆಕ್ಕ ಬೇಕೇ ಬೇಕು. 120 ವೋಲ್ಟಿನ ಹೀಟರಿಗೆ ನೇರ 230 ಕೊಟ್ಟರೆ ಅದು ಹೆಚ್ಚುಕಡಿಮೆ ನಾಲ್ಕು ಪಟ್ಟು ಕರೆಂಟಿನ ಶಕ್ತಿ ಹೀರಿ ಸುಟ್ಟುಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟ್ ಇಳಿಸಿದರೂ ಇನ್ನೊಂದು ತೊಡಕು ಉಳಿಯುತ್ತದೆ. ಈ ಮೋಟರ್ ಗಡಿಯಾರದಂತೆ ಕರೆಂಟಿನ ಆವರ್ತನಕ್ಕೆ ತಾಳ ಹಾಕುವಂಥದ್ದು. ಅಲ್ಲಿ 60 ಹರ್ಟ್ಸ್, ಇಲ್ಲಿ 50. ಮೂರು ನಿಮಿಷದ ಸುತ್ತು ಇಲ್ಲಿ 3.6 ನಿಮಿಷ ಹಿಡಿಯುತ್ತದೆ, ಏಳೂವರೆ ಸೆಕೆಂಡಿನ ನೀರು 9 ಸೆಕೆಂಡು ಸುರಿಯುತ್ತದೆ. ಒತ್ತಡ ಸರಿಯಿದ್ದರೆ 140ರ ಬದಲು 168 ಮಿ.ಲೀ.! ಅಚ್ಚು ತುಂಬಿ ಹರಿದು ಡಬ್ಬಿಯ ಐಸೆಲ್ಲ ಒಂದೇ ಬಂಡೆಯಾಗುತ್ತದೆ. ಮಾಡ್ಯೂಲಿನ ಮೇಲೆ ನೀರಿನ ಅಳತೆ ಹೊಂದಿಸುವ ತಿರುಪು ಇದೆ, ಅರ್ಧ ಸುತ್ತಿಗೆ ಸುಮಾರು 20 ಮಿ.ಲೀ. ವ್ಯತ್ಯಾಸ. ಸುಮಾರು ಮುಕ್ಕಾಲು ಸುತ್ತು ಕಡಿಮೆಯ ಕಡೆಗೆ ತಿರುಗಿಸಿದರೆ ಹಳೆಯ ಅಳತೆ ಮರಳುತ್ತದೆ.

ತಿರುಚುವ ಟ್ರೇ ಇರುವ ಬಗೆಯಲ್ಲಿ ಲೆಕ್ಕಾಚಾರವೆಲ್ಲ ಎಲೆಕ್ಟ್ರಾನಿಕ್ ಬೋರ್ಡಿನದು. ಟ್ರೇಯ ಅಡಿಗೆ ಅಂಟಿಸಿದ ಪುಟ್ಟ ಸೆನ್ಸರ್ ಚಳಿ ಹೇಳುತ್ತದೆ. ಅದನ್ನು ಪರೀಕ್ಷಿಸಲು ಮನೆಯಲ್ಲೇ ಉಪಾಯವಿದೆ. ಪ್ಲಗ್ ತೆಗೆದು, ಸೆನ್ಸರಿನ ಕನೆಕ್ಟರ್ ಬಿಡಿಸಿ, ಮೊದಲು ಕೋಣೆಯ ತಾಪದಲ್ಲಿ ಅದರ ಓಮ್ ಬರೆದುಕೊಳ್ಳಬೇಕು. ಆಮೇಲೆ ಲೋಟದ ತುಂಬ ಪುಡಿ ಐಸ್ ಹಾಕಿ ಸ್ವಲ್ಪ ನೀರು ಬೆರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಸೆನ್ಸರನ್ನು ಅದರಲ್ಲಿ ಐದು ನಿಮಿಷ ಮುಳುಗಿಸಬೇಕು. ಕರಗುತ್ತಿರುವ ಐಸಿನ ತಾಪ ಸೊನ್ನೆ ಡಿಗ್ರಿಯೇ. ಮೀಟರಿನ ಅಂಕಿ ಕಣ್ಣೆದುರೇ ಏರುತ್ತ ಹೋಗಿ, 25 ಡಿಗ್ರಿಯಲ್ಲಿದ್ದುದರ ಮೂರು ಪಟ್ಟಿನ ಆಸುಪಾಸಿಗೆ ನಿಂತರೆ ಸೆನ್ಸರ್ ಆರೋಗ್ಯವಾಗಿದೆ: 5 ಸಾವಿರ ಓಮಿನದು 16 ಸಾವಿರಕ್ಕೆ, 10 ಸಾವಿರದ್ದು 32 ಸಾವಿರದ ಮೇಲಕ್ಕೆ. ಅಂಕಿ ಅಲುಗದೆ ನಿಂತರೆ, ಅಥವಾ ತಂತಿ ಅಲ್ಲಾಡಿಸಿದಾಗೆಲ್ಲ ಕುಣಿದರೆ, ಅದನ್ನು ಬದಲಿಸಬೇಕು. ಮೋಟರಿಗೆ ಘಟಕದ ಅಡಿಯಲ್ಲೋ ಪಕ್ಕದಲ್ಲೋ ಒಂದು ಟೆಸ್ಟ್ ಗುಂಡಿ ಇರುತ್ತದೆ. ಕೆಲವು ಸೆಕೆಂಡು ಒತ್ತಿ ಹಿಡಿದರೆ ಟ್ರೇ ತಿರುಚಿ, ಮರಳಿ, ನೀರು ಕರೆಯಬೇಕು. ಟ್ರೇ ತಿರುಗಿದರೂ ಐಸ್ ಬೀಳದಿದ್ದರೆ ಟ್ರೇಯ ಮೈ ಬೆರಳಲ್ಲಿ ಸವರಿ ನೋಡಬೇಕು. ಸುಣ್ಣ ಕಟ್ಟಿ ತರಿತರಿಯಾದ ಟ್ರೇ ಗಡ್ಡೆಯನ್ನು ಬಿಡುವುದಿಲ್ಲ.

ಬದಲಿಸುವ ಕೆಲಸ ಪರೀಕ್ಷೆಗಿಂತ ಸುಲಭ. ಬಿಚ್ಚುವ ಮೊದಲು ತಂತಿಗಳ ಜಾಗವನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಬೇಕು, ಬಾಗಿಲ ಒಳಬದಿಯ ಸ್ಟಿಕರಿನಿಂದ ಪೂರ್ತಿ ಮಾಡೆಲ್ ನಂಬರ್ ಬರೆದುಕೊಳ್ಳಬೇಕು. ಕೊನೆಯ ಒಂದು ಅಕ್ಷರ ಬೇರೆಯಾದರೂ ಕನೆಕ್ಟರ್ ಕೂರದಿರಬಹುದು. ನೀರು ಮುಚ್ಚಿ, ಡಬ್ಬಿ ಹೊರತೆಗೆದು, ಘಟಕವನ್ನು ಹಿಡಿದಿರುವ ಎರಡು ಮೂರು ಸ್ಕ್ರೂ ಸಡಿಲಿಸಿದರೆ ಅದು ಮೇಲೆತ್ತಿ ಹೊರಬರುತ್ತದೆ. ಫ್ರೀಜರಿನ ಚಳಿಗೆ ಗಡುಸಾದ ಪ್ಲಾಸ್ಟಿಕ್ ಲಾಕ್ ಸುಲಭವಾಗಿ ಮುರಿಯುವುದರಿಂದ ಬಾಗಿಲು ಹತ್ತು ನಿಮಿಷ ತೆರೆದಿಟ್ಟು ಆಮೇಲೆ ಕನೆಕ್ಟರ್ ಎಳೆಯುವುದು ಜಾಣತನ. ಥರ್ಮೋಸ್ಟ್ಯಾಟ್ ಬದಲಿಸುವಾಗ ಅದಕ್ಕೂ ಅಚ್ಚಿಗೂ ನಡುವೆ ಶಾಖ ಸಾಗಿಸುವ ಪೇಸ್ಟ್ ಹೊಸದಾಗಿ ಹಚ್ಚಲೇಬೇಕು. ಅದಿಲ್ಲದೆ ಕೂರಿಸಿದರೆ ನಡುವಿನ ಗಾಳಿಯಿಂದಾಗಿ ಅಚ್ಚಿನ ಚಳಿ ಅದಕ್ಕೆ ತಡವಾಗಿ ತಿಳಿಯುತ್ತದೆ, ಹೊಸ ಭಾಗವೂ ಹಳೆಯದರಂತೆಯೇ ನಡೆದುಕೊಳ್ಳುತ್ತದೆ. ವಾಲ್ವ್ ಬದಲಿಸಿದರೆ ಪೈಪಿನ ತುದಿಯನ್ನು ನೇರವಾಗಿ ಕತ್ತರಿಸಿ ಪೂರ್ತಿ ಒಳಗೆ ತಳ್ಳಬೇಕು, ಓರೆ ಕತ್ತರಿಸಿದ ತುದಿ ಸೋರುತ್ತದೆ. ಐಸ್ ಮೇಕರಿಗೆ ಕೈ ಹಾಕುವವರು ಗ್ಯಾಸಿನ ಪೈಪುಗಳ ತಂಟೆಗೆ ಹೋಗಬಾರದು. ಈಗಿನ ಫ್ರಿಜ್ಜುಗಳಲ್ಲಿ ಸಾಮಾನ್ಯವಾಗಿರುವ ಆರ್600ಎ ಬೆಂಕಿ ಹಿಡಿಯುವ ಅನಿಲ.

ಜೋಡಿಸಿ ಪ್ಲಗ್ ಹಾಕಿದ ಮೇಲೆ ಫ್ರೀಜರ್ ಮತ್ತೆ ತನ್ನ ಚಳಿಗೆ ಬರಲು ಒಂದು ದಿನ ಕೊಡಬೇಕು. ಮೊದಲ ಎರಡು ಮೂರು ಸಲದ ಐಸನ್ನು ಚೆಲ್ಲಬೇಕು, ಹೊಸ ಕೊಳವೆಯ ವಾಸನೆಯೂ ಪೈಪಿನ ಕಸರೂ ಅದರ ಜೊತೆ ಹೋಗುತ್ತವೆ. ತುಂಡುಗಳು ಟೊಳ್ಳಾಗಿದ್ದರೆ ಅಥವಾ ತೆಳ್ಳಗಿದ್ದರೆ ನೀರು ಇನ್ನೂ ಸಾಲುತ್ತಿಲ್ಲ. ಒಂದಕ್ಕೊಂದು ದಪ್ಪ ಸೇತುವೆಯಂತೆ ಅಂಟಿಕೊಂಡೇ ಬಂದರೆ ನೀರು ಹೆಚ್ಚಾಗಿದೆ. ಫ್ರಿಜ್ಜನ್ನು ಗೋಡೆಗೆ ತಳ್ಳುವ ಮುನ್ನ ವಾಲ್ವಿನ ಜೋಡಣೆಯ ಕೆಳಗೆ ಒಂದು ಹಾಳೆ ಪತ್ರಿಕೆ ಹಾಸಿ ಬಿಡಬೇಕು. ಮರುದಿನ ಬೆಳಗ್ಗೆ ಹಾಳೆ ಒಣಗಿಯೇ ಇದ್ದರೆ ಫ್ರಿಜ್ಜನ್ನು ಅದರ ಜಾಗಕ್ಕೆ ಸರಿಸಬಹುದು.